ಮನಸ್ಸಿಗೆ ರೀಲ್ಸ್ ಇಟ್ಟ ಹೆಸರುಗಳು

ಮನಸ್ಸಿನ ಕಾಯಿಲೆಯ ಬಗೆಗಿನ ಸುಳ್ಳು ಮಾಹಿತಿ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಕ್ಕೆ ಮೊಬೈಲಿನ ಜೊತೆ ಬಂದದ್ದಲ್ಲ. ‘ಗುಪ್ತರೋಗ’, ‘ಧಾತು ದೌರ್ಬಲ್ಯ’ ಎಂದು ಊರೂರಿನ ಗೋಡೆಗಳ ಮೇಲೆ ಬರೆಸಿ, ಇಂಥ ದಿನ ಇಂಥ ಲಾಡ್ಜಿನಲ್ಲಿ ಸಿಗುತ್ತೇವೆ ಎಂದು ಸಾರಿದವರು ಉತ್ತರ ಕರ್ನಾಟಕದ ಎರಡು ಮೂರು ತಲೆಮಾರಿನ ಹುಡುಗರನ್ನು ಹೆದರಿಸಿದ್ದಾರೆ. ವೀರ್ಯ ಹೋದರೆ ಶಕ್ತಿ ಹೋಯಿತು, ನೆನಪು ಹೋಯಿತು, ಮುಂದೆ ಮದುವೆಗೂ ಆಗುವುದಿಲ್ಲ ಎಂಬುದು ಆ ಜಾಹೀರಾತುಗಳ ಸಾರ. ಈ ಭಯದಿಂದ ಸುಸ್ತು, ಎದೆಬಡಿತ, ನಿದ್ದೆಗೇಡು ಹತ್ತಿಸಿಕೊಂಡು ಬರುವ ಯುವಕರ ಸ್ಥಿತಿಗೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಇಂದು ಅದೇ ಮಾತು ‘ನೋಫ್ಯಾಪ್’ ಎಂಬ ಹೊಸ ಅಂಗಿ ತೊಟ್ಟು, ಹಸ್ತಮೈಥುನ ಬಿಡುವ ತೊಂಬತ್ತು ದಿನದ ಚಾಲೆಂಜ್ ಆಗಿ, ಹಿಂದಿಯಿಂದ ಕನ್ನಡಕ್ಕೆ ಡಬ್ ಆಗಿ, ಹತ್ತನೇ ಇಯತ್ತೆಯ ಹುಡುಗನ ಕೈಗೆ ಬರುತ್ತದೆ. ಗೋಡೆಯ ಬರಹವನ್ನು ಓದಿ ಮುಂದೆ ಹೋಗಬಹುದಿತ್ತು. ರೀಲನ್ನು ಒಮ್ಮೆ ಕೊನೆಯವರೆಗೆ ನೋಡಿದರೆ ಅಂಥವೇ ಇನ್ನಷ್ಟು ತಾವಾಗಿ ಹುಡುಕಿಕೊಂಡು ಬರುತ್ತವೆ.

ಹೀಗಾಗಿ ಹರೆಯದ ಮಕ್ಕಳ ತಲೆಯೊಳಗಿನ ತಪ್ಪು ಮಾಹಿತಿಯನ್ನು ಸರಿಯಾದ ಮಾಹಿತಿ ಕೊಟ್ಟು ತೆಗೆಯಬಹುದೇ, ಅಥವಾ ಅದಕ್ಕೆ ಆಪ್ತಸಮಾಲೋಚನೆ ಬೇಕೇ, ಬೇಕಾದರೆ ಈ ಮೂರು ತಾಲ್ಲೂಕುಗಳಲ್ಲಿ ಅದು ಯಾರಿಂದ, ಎಲ್ಲಿ ಸಿಕ್ಕೀತು ಎಂಬುದು ಕೂತು ಯೋಚಿಸಬೇಕಾದ ಪ್ರಶ್ನೆ.

ಮೊದಲು ಪರದೆಯ ಮೇಲೆ ಏನಿದೆ ಎಂಬುದನ್ನು ನೋಡೋಣ. ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಇದರ ಬಗ್ಗೆ ಟಿಕ್‌ಟಾಕ್‌ನಲ್ಲಿ ಅತಿ ಹೆಚ್ಚು ನೋಡಲಾದ 100 ವಿಡಿಯೊಗಳನ್ನು ಕೆನಡಾದ ಸಂಶೋಧಕರು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. 52 ವಿಡಿಯೊಗಳು ದಾರಿ ತಪ್ಪಿಸುವಂಥವು, 27 ಸ್ವಂತ ಅನುಭವದವು, ಉಪಯುಕ್ತವಾದವು 21 ಮಾತ್ರ. ಆಟಿಸಂ ವಿಡಿಯೊಗಳ ಬಗ್ಗೆ 2023ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ನಿಖರ ಮಾಹಿತಿ ಇದ್ದದ್ದು ಶೇ 27ರಷ್ಟರಲ್ಲಿ. ಭಾರತದಲ್ಲಿ ಟಿಕ್‌ಟಾಕ್ 2020ರ ಜೂನ್ 29ರಂದೇ ನಿಷೇಧವಾಯಿತಲ್ಲ ಎನ್ನಬಹುದು. ಆ್ಯಪ್ ಹೋಯಿತು, ಅದರ ಸರಕು ಹೋಗಲಿಲ್ಲ. ಮರುವಾರವೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಶುರುಮಾಡಿತು. ಯೂಟ್ಯೂಬ್ ಶಾರ್ಟ್ಸ್ ಅದರ ಬೆನ್ನಿಗೇ ಬಂತು. ಅಲ್ಲಿನ ‘ಏಳು ಲಕ್ಷಣಗಳು’ ಇಲ್ಲಿನ ‘ನಿಮಗೂ ಹೀಗಾಗುತ್ತಾ?’ ಆಗಿವೆ.

ನಮ್ಮ ಭಾಗದ ಮಕ್ಕಳ ಫೀಡಿನಲ್ಲಿ ಎರಡು ಹೊಳೆ ಒಟ್ಟಿಗೆ ಹರಿಯುತ್ತವೆ. ಮಾತು ಮರೆತರೆ ಎಡಿಎಚ್‌ಡಿ, ಒಂದು ದಿನ ನಕ್ಕು ಮರುದಿನ ಅತ್ತರೆ ಬೈಪೋಲಾರ್, ಅಪ್ಪ ಬೈದರೆ ನಾರ್ಸಿಸಿಸ್ಟ್, ಹಳೆಯ ನೋವೆಲ್ಲ ಟ್ರಾಮಾ ಎನ್ನುವುದು ಒಂದು. ಇನ್ನೊಂದು ಊರಿನದೇ: ಗಾಳಿ ಸೋಕೈತಿ, ಯಾರೋ ಮಾಡಿಸ್ಯಾರ, ಮದುವಿ ಮಾಡಿದ್ರ ಸರಿಹೋಗತೈತಿ, ಆ ಗುಳಿಗಿ ಒಮ್ಮೆ ಹಿಡದ್ರ ಸಾಯೂತನ ಬಿಡಾಕ ಬರಂಗಿಲ್ಲ. ಮಾಟ ಬಿಡಿಸುವವರೂ ಈಗ ಯೂಟ್ಯೂಬ್ ಚಾನೆಲ್ ಇಟ್ಟಿದ್ದಾರೆ. ಮೊದಲ ಹೊಳೆ ಸಾಮಾನ್ಯ ಸಂಕಟವನ್ನು ರೋಗ ಮಾಡುತ್ತದೆ, ಎರಡನೆಯದು ರೋಗವನ್ನು ದೋಷ ಮಾಡುತ್ತದೆ. ನನ್ನ ಎಣಿಕೆಯಲ್ಲಿ ಎರಡನೆಯದೇ ಹೆಚ್ಚು ಅಪಾಯಕರ, ಅದರಲ್ಲೂ ಗುಳಿಗೆಯ ಬಗೆಗಿನ ಮಾತು. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಔಷಧಿಗಳು ಸಾರಾಯಿಯಂತೆ ಚಟ ಹಿಡಿಸುವಂಥವಲ್ಲ. ಆದರೆ ವೈದ್ಯರನ್ನು ಕೇಳದೆ ತಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಚಡಪಡಿಕೆ ಕಾಣಿಸಬಹುದು. ಹಾಗೆ ಬಿಟ್ಟು ತ್ರಾಸು ಪಟ್ಟವರು ‘ನೋಡ್ರಿ, ಚಟ ಆಗಿತ್ತು’ ಎನ್ನುತ್ತಾರೆ, ಆ ಮಾತು ಮತ್ತೊಂದು ರೀಲ್ ಆಗುತ್ತದೆ. ಬೈಪೋಲಾರ್ ಕಾಯಿಲೆಗೋ ಮೂರ್ಛೆರೋಗಕ್ಕೋ ಮಾತ್ರೆ ತೆಗೆದುಕೊಳ್ಳುವ ಮಗು ಇದನ್ನು ನಂಬಿ ನಿಲ್ಲಿಸಿದರೆ ಅದರ ಫಲ ಬಹಳ ಕೆಟ್ಟದ್ದು.

ಹೆಸರುಗಳು ಅಷ್ಟು ಗಟ್ಟಿಯಾಗಿ ಅಂಟಿಕೊಳ್ಳುವುದಕ್ಕೆ ಕಾರಣ ಇದೆ. 1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬರ್ಟ್ರಂಡ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಬಳಿಕ ಒಬ್ಬೊಬ್ಬರಿಗೂ ‘ನಿನ್ನ ಫಲಿತಾಂಶ’ ಎಂದು ಒಂದು ಚೀಟಿ ಹಂಚಿದ. ಎಲ್ಲ ಚೀಟಿಗಳಲ್ಲೂ ಇದ್ದದ್ದು ಒಂದೇ ಬರಹ, ಅದರ ಸಾಲುಗಳಲ್ಲಿ ಬಹುಪಾಲು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಇದು ನಿಮಗೆ ಎಷ್ಟು ಹೊಂದುತ್ತದೆ ಎಂದು ಕೇಳಿದರೆ ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ರೀಲುಗಳ ‘ಲಕ್ಷಣ’ಗಳೂ ಹೀಗೆಯೇ ಯಾರಿಗಾದರೂ ಹೊಂದುವಂತೆ ಇರುತ್ತವೆ. ಪಿಯುಸಿ ತರಗತಿಯಲ್ಲಿ ಫೋರರನ ಪ್ರಯೋಗವನ್ನು ಕನ್ನಡದಲ್ಲಿ ಮಾಡಿ ತೋರಿಸಲು ಒಂದು ಪೀರಿಯಡ್ ಸಾಕು, ಝೆರಾಕ್ಸ್ ಖರ್ಚು ಬಿಟ್ಟರೆ ಬೇರೇನೂ ಬೇಡ. ಗಜೇಂದ್ರಗಡದಲ್ಲೋ ನರೇಗಲ್ಲದಲ್ಲೋ ಯಾವ ಉಪನ್ಯಾಸಕರಾದರೂ ಮಾಡಬಹುದು. ಇಪ್ಪತ್ತು ಉಪದೇಶಕ್ಕಿಂತ ಅದು ಮಕ್ಕಳಿಗೆ ನಾಟುತ್ತದೆ.

ಜಾಗೃತಿಯ ಅಬ್ಬರವೇ ಕಾಯಿಲೆಯ ಎಣಿಕೆಯನ್ನು ಹಿಗ್ಗಿಸುತ್ತಿದೆಯೇ ಎಂಬ ಪ್ರಶ್ನೆಯನ್ನು ಬ್ರಿಟನ್ನಿನ ಲೂಸಿ ಫೌಕ್ಸ್ ಮತ್ತು ಜಾಕ್ ಆ್ಯಂಡ್ರೂಸ್ 2023ರಲ್ಲಿ ಎತ್ತಿದರು. ಸಣ್ಣ ತಳಮಳವನ್ನೂ ‘ಆಂಗ್ಸೈಟಿ’ ಎಂದು ಕರೆದುಕೊಂಡ ಮಗು ಪರೀಕ್ಷೆ, ಸಭೆ, ನೆಂಟರ ಮನೆ ಎಲ್ಲದರಿಂದ ಹಿಂದೆ ಸರಿಯುತ್ತದೆ. ಹಾಗೆ ಸರಿದಷ್ಟೂ ಭಯ ನಿಜವಾಗಿಯೂ ಬಲಿಯುತ್ತದೆ ಎಂಬುದು ಅವರ ವಾದ. ಯೋಚಿಸಬೇಕಾದ ಮಾತೇ. ಆದರೆ ಇದನ್ನು ಲಂಡನ್ನಿನಿಂದ ಎತ್ತಿ ರೋಣಕ್ಕೆ ಹಾಗೆಯೇ ತಂದಿಡುವುದು ಸರಿಯಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವಯಸ್ಸಿನವರಲ್ಲಿ ಶೇ 7ರಷ್ಟು ಮಕ್ಕಳಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಅದೇ ಸಮೀಕ್ಷೆಯಲ್ಲಿ, ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆ ಇದ್ದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ‘ಧಾರವಾಡಕ್ಕ ಕಳಸಬೇಕು ಇವನ್ನ’, ಅಂದರೆ ಅಲ್ಲಿನ ಹುಚ್ಚಾಸ್ಪತ್ರೆಗೆ, ಎನ್ನುವುದು ಇಂದಿಗೂ ಚೇಷ್ಟೆಯ ಮಾತಾಗಿರುವ ಸೀಮೆಯಲ್ಲಿ, ಹುಡುಗಿಯೊಬ್ಬಳು ‘ನನಗ ಡಿಪ್ರೆಶನ್ ಐತಿ’ ಎಂದು ಬಾಯಿಬಿಟ್ಟು ಹೇಳಲು ಧೈರ್ಯ ಕೊಟ್ಟದ್ದು ರೀಲೇ ಆಗಿದ್ದರೆ ಆ ಮಟ್ಟಿಗೆ ಅದರ ಉಪಕಾರವನ್ನು ಒಪ್ಪಬೇಕು. ಹೆಸರು ತಪ್ಪಿರಬಹುದು, ಸಂಕಟ ಸುಳ್ಳಲ್ಲ. ಮನೋಚಿಕಿತ್ಸೆ ಶುರುವಾಗುವುದೇ ಈ ಎರಡನ್ನು ಬಿಡಿಸಿ ನೋಡುವಲ್ಲಿಂದ.

ಅದು ನಡೆಯುವ ಬಗೆಯನ್ನು ಒಂದು ಊಹೆಯ ಉದಾಹರಣೆಯಿಂದ ಹೇಳುತ್ತೇನೆ. ರೋಣದ ಪಿಯು ವಿಜ್ಞಾನದ ಹುಡುಗಿ ಎಂದುಕೊಳ್ಳಿ. “ಮೇಡಂ, ನನಗ ಎಡಿಎಚ್‌ಡಿ ಐತ್ರಿ. ಅದರಾಗ ಹೇಳಿದ್ದೆಲ್ಲಾ ನನಗ ಹೊಂದತೈತಿ” ಎನ್ನುತ್ತಾಳೆ. “ಅವೆಲ್ಲಾ ಏನೂ ಇಲ್ಲ, ಮೊದಲ ಮೊಬೈಲ್ ಬಿಡು” ಎಂದರೆ ಅವಳು ಇನ್ನೊಮ್ಮೆ ಬಾಯಿಬಿಡುವುದಿಲ್ಲ. ರೀಲಿನವರಾದರೂ ನನ್ನ ಮಾತು ಕೇಳುತ್ತಾರೆ ಎಂದುಕೊಂಡು ಅಲ್ಲಿಗೇ ಮರಳುತ್ತಾಳೆ. “ಹೌದವಾ, ಇರಬಹುದು” ಎಂದು ಒಪ್ಪಿಬಿಡುವುದೂ ತಪ್ಪೇ. ಒಳ್ಳೆಯ ಸಮಾಲೋಚಕಿ, “ಯಾವ ಮಾತು ನಿನಗ ಬಾಳ ಹೊಂದ್ತು, ಹೇಳು ನೋಡೂಣು” ಎನ್ನುತ್ತಾರೆ. “ಓದಾಕ ಕುಂತ್ರ ಮನಸ ನಿಲ್ಲಂಗಿಲ್ರಿ.” ಯಾವಾಗಿನಿಂದ? ಹತ್ತನೇ ಇಯತ್ತೆಯವರೆಗೆ ಹೇಗಿತ್ತು? ಮನೆಯಲ್ಲಿ ಮಾತ್ರವೋ, ಕಾಲೇಜಿನಲ್ಲೂ ಹೌದೋ? ರಾತ್ರಿ ಎಷ್ಟೊತ್ತಿಗೆ ಮಲಗುತ್ತೀ? ಈ ಪ್ರಶ್ನೆಗಳು ಸುಮ್ಮನೆ ಬಂದವಲ್ಲ. ಮನೋವೈದ್ಯರು ಅನುಸರಿಸುವ ಮಾನದಂಡದಂತೆ ಈ ವಯಸ್ಸಿನವರಲ್ಲಿ ಎಡಿಎಚ್‌ಡಿ ಎನ್ನಬೇಕಾದರೆ ಗಮನ ಕೊರತೆಯ ಒಂಬತ್ತು ಲಕ್ಷಣಗಳಲ್ಲಿ ಅಥವಾ ಅತಿಚಟುವಟಿಕೆಯ ಒಂಬತ್ತರಲ್ಲಿ ಕನಿಷ್ಠ ಆರು (ಹದಿನೇಳು ತುಂಬಿದ್ದರೆ ಐದು) ಇರಬೇಕು, ಅವು ಆರು ತಿಂಗಳಾದರೂ ನಡೆದಿರಬೇಕು, ಕೆಲವಾದರೂ 12 ವರ್ಷಕ್ಕೆ ಮೊದಲೇ ಕಂಡಿರಬೇಕು, ಮನೆ ಮತ್ತು ಶಾಲೆಯಂತೆ ಎರಡು ಕಡೆಯಾದರೂ ತೊಂದರೆ ಕೊಟ್ಟಿರಬೇಕು. ಅರ್ಧ ನಿಮಿಷದ ರೀಲಿನಲ್ಲಿ ಇದಕ್ಕೆಲ್ಲ ಜಾಗ ಇರುವುದಿಲ್ಲ. ಕೇಳುತ್ತ ಹೋದಂತೆ ಬೇರೆಯದೇ ಹೊರಬರಬಹುದು: ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನ ಭೌತಶಾಸ್ತ್ರ ತಲೆಗೆ ಹತ್ತುತ್ತಿಲ್ಲ, ಉಳ್ಳಾಗಡ್ಡಿ ರೇಟು ಬಿದ್ದು ಮನೆಯಲ್ಲಿ ಸಾಲದ ಮಾತು, ಈ ವರ್ಷ ಮಾರ್ಕ್ಸ್ ಬರದಿದ್ದರೆ ಮದುವೆ ಎಂಬ ಬೆದರಿಕೆ, ರಾತ್ರಿ ಎರಡರವರೆಗೆ ಎಚ್ಚರ. ಅಥವಾ ಐದನೇ ಇಯತ್ತೆಯಿಂದಲೂ ಪಾಟಿಚೀಲ ಮರೆತು ಬರುತ್ತಿದ್ದಳು, ಮಾಸ್ತರರು ಬೈದದ್ದೇ ಬೈದದ್ದು ಎಂಬುದೂ ಹೊರಬರಬಹುದು. ಹುಡುಗಿಯರಲ್ಲಿ ಎಡಿಎಚ್‌ಡಿ ಅನೇಕ ಸಲ ಗದ್ದಲವಿಲ್ಲದೆ ಇರುವುದರಿಂದ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಆಗ ರೀಲ್ ಹೇಳಿದ್ದೇ ನಿಜವಿರಬಹುದು, ಅವಳನ್ನು ಮನೋವೈದ್ಯರ ಬಳಿ ಕಳುಹಿಸಬೇಕು. ಸಮಾಲೋಚಕರು ಈ ಸಾಧ್ಯತೆಯನ್ನು ಮೊದಲೇ ಬಾಗಿಲು ಹಾಕಿ ಹೊರಗಿಡಬಾರದು.

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಂತನ–ವರ್ತನ ಚಿಕಿತ್ಸೆಯ ತಿರುಳೇ ಇದು. ನಿನ್ನ ನಂಬಿಕೆ ತಪ್ಪು ಎಂದು ಚಿಕಿತ್ಸಕ ಹೇಳುವುದಿಲ್ಲ. ಆ ನಂಬಿಕೆಗೆ ಪರ ಏನಿದೆ, ವಿರುದ್ಧ ಏನಿದೆ ಎಂಬುದನ್ನು ಇಬ್ಬರೂ ಕೂತು ತೂಗುತ್ತಾರೆ, ಬಳಿಕ ಸಣ್ಣ ಪ್ರಯೋಗ ಮಾಡಿ ನೋಡುತ್ತಾರೆ. ಫೀಡನ್ನೂ ಹೀಗೆ ಪ್ರಯೋಗಕ್ಕೆ ಒಡ್ಡಬಹುದು. ಒಂದು ವಾರ ಖಿನ್ನತೆಯ ವಿಡಿಯೊ ಬಂದರೆ ‘ಆಸಕ್ತಿ ಇಲ್ಲ’ ಒತ್ತುವುದು, ರಂಗೋಲಿಯನ್ನೋ ಕಬಡ್ಡಿಯನ್ನೋ ಹುಡುಕಿ ನೋಡುವುದು. ವಾರದ ಕೊನೆಗೆ ಫೀಡ್ ಬದಲಾದದ್ದು ಕಣ್ಣಿಗೆ ಕಂಡಾಗ, ‘ಇದು ನನಗೇ ಅಂತ ಬಂದಿತ್ತು’ ಎಂಬ ನಂಬಿಕೆ ತಾನಾಗಿ ಸಡಿಲುತ್ತದೆ. ಧಾತು ಹೋಗುವ ಭಯದ ಹುಡುಗನಿಗೂ ದಾರಿ ಇದೇ. ದೇಹದ ವಿಷಯವನ್ನು ನಾಚಿಕೆ ಇಲ್ಲದ ಮಾತಿನಲ್ಲಿ ತಿಳಿಸಿದ ಮೇಲೆ, ಅವನ ಸುಸ್ತು ಯಾವ ದಿನ ಹೆಚ್ಚು, ಯಾವ ದಿನ ಕಡಿಮೆ ಎಂದು ಅವನಿಂದಲೇ ಬರೆಸಬೇಕು. ಹೆದರಿಕೆಯ ವಿಡಿಯೊ ನೋಡಿದ ಮರುದಿನವೇ ಸುಸ್ತು ಜಾಸ್ತಿ ಎಂಬುದು ಅವನ ಕೈಬರಹದಲ್ಲೇ ಕಂಡರೆ, ಬೇರೆ ವಾದ ಬೇಕಾಗುವುದಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಮಾಹಿತಿ ಅಭಿಯಾನಗಳು ಇದನ್ನು ಗಮನಿಸುವುದೇ ಇಲ್ಲ. ಕೆಲವು ಮಕ್ಕಳಿಗೆ ಸರಿಯಾದ ಮಾಹಿತಿಯೂ ನಂಜಾಗುತ್ತದೆ. ‘ನನಗ ತಲಿ ಕೆಡತೈತೇನು?’ ಎಂದು ದಿನಾ ರಾತ್ರಿ ಹುಡುಕುವ ಹುಡುಗನಿಗೆ ಗೀಳು ಕಾಯಿಲೆ ಇದ್ದರೆ, ಆ ಹುಡುಕಾಟವೇ ಅವನ ಗೀಳು. ಒಳ್ಳೆಯ ಉತ್ತರ ಸಿಕ್ಕಿದಾಗ ಅರ್ಧ ತಾಸು ಸಮಾಧಾನ, ಮತ್ತೆ ಅನುಮಾನ, ಮತ್ತೆ ಹುಡುಕಾಟ. ಅವನಿಗೆ ಹತ್ತು ನಂಬಲರ್ಹ ಜಾಲತಾಣಗಳ ಪಟ್ಟಿ ಕೊಟ್ಟರೆ ಹತ್ತು ಹೊಸ ಹಗ್ಗ ಕೊಟ್ಟಂತೆ. ಹುಡುಕದೆ ಇರುವುದನ್ನು, ಆ ತಳಮಳ ಏರಿ ತಾನಾಗಿ ಇಳಿಯುವವರೆಗೆ ಕಾಯುವುದನ್ನು ಮೆಲ್ಲಗೆ ಕಲಿಸುವುದೇ ಅಲ್ಲಿನ ಚಿಕಿತ್ಸೆ. ಸದಾ ಸಮಾಧಾನ ಹೇಳುವ ಚಾಟ್‌ಬಾಟ್‌ಗಳು ಇಂಥ ಮಕ್ಕಳಿಗೆ ತೊಡಕಾಗುವುದೂ ಈ ಕಾರಣಕ್ಕೇ: ರಾತ್ರಿ ಮೂರಕ್ಕೆ ಕೇಳಿದರೂ, ನೂರನೇ ಸಲ ಕೇಳಿದರೂ ಬೇಸರಿಸದೆ ಉತ್ತರ ಕೊಡುತ್ತವೆ.

ಇನ್ನು ಮಗು ಸಾಯುವ ಮಾತಾಡಿದರೆ, ಹೆಸರು ಸರಿಯೋ ತಪ್ಪೋ ಎಂಬ ಚರ್ಚೆಯನ್ನೆಲ್ಲ ಅಲ್ಲಿಗೇ ನಿಲ್ಲಿಸಬೇಕು. “ಜೀವಾ ಕಳಕೋಬೇಕು ಅಂತ ಅನಸೈತೇನು?” ಎಂದು ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಎಂಬುದೂ ಒಂದು ಸುಳ್ಳು ನಂಬಿಕೆಯೇ. ವಿಶ್ವ ಆರೋಗ್ಯ ಸಂಸ್ಥೆ ಕೇಳಿ ಎಂದೇ ಹೇಳುತ್ತದೆ. ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯ ಮೂಲೆಯಲ್ಲೇ ಇರುವ ಸೀಮೆ ನಮ್ಮದು. ಅದನ್ನು ಕೀಲಿ ಹಾಕಿ ಇಡಿಸುವುದು, ಮಗುವನ್ನು ಒಂಟಿ ಬಿಡದಿರುವುದು, ಅಂದೇ ವೈದ್ಯರಿಗೆ ತೋರಿಸುವುದು ಮೊದಲ ಕೆಲಸ.

ಇವನ್ನೆಲ್ಲ ಯಾರು ಮಾಡಬೇಕು? ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಒಟ್ಟಿಗೆ ಪಾಠ ಮಾಡಿದರೆ ಆಗುವುದಿಲ್ಲವೇ ಎಂಬ ಪ್ರಶ್ನೆಗೆ ಸಂಶೋಧನೆ ಕೊಟ್ಟ ಉತ್ತರ ಹುರುಪು ತರುವಂಥದ್ದಲ್ಲ. ಬ್ರಿಟನ್ನಿನ 85 ಶಾಲೆಗಳಲ್ಲಿ ನಡೆದ ಮೈಂಡ್‌ಫುಲ್‌ನೆಸ್ ಪ್ರಯೋಗದಿಂದ ಮಕ್ಕಳ ಮಾನಸಿಕ ಆರೋಗ್ಯ ಸುಧಾರಿಸಲಿಲ್ಲವೆಂದು 2022ರಲ್ಲಿ ವರದಿಯಾಯಿತು. ಆಸ್ಟ್ರೇಲಿಯಾದಲ್ಲಿ ಭಾವನಿರ್ವಹಣೆಯ ಕೌಶಲಗಳನ್ನು ಇಡೀ ತರಗತಿಗೆ ಕಲಿಸಿದಾಗ ಕೆಲವು ಮಕ್ಕಳ ಆತಂಕ ಹೆಚ್ಚಿತು, ತಂದೆತಾಯಿಯ ಜೊತೆಗಿನ ಸಂಬಂಧ ಕೆಟ್ಟಿತು. ನಮಗೆ ಹತ್ತಿರವಾದದ್ದು ಬಿಹಾರದ ನಲಂದಾ ಜಿಲ್ಲೆಯ ಸೆಹರ್ ಪ್ರಯೋಗ. 74 ಸರ್ಕಾರಿ ಪ್ರೌಢಶಾಲೆಗಳನ್ನು ಒಳಗೊಂಡ ಅದರ ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಸ್ಥಳೀಯ ಸಮಾಲೋಚಕರು ನಡೆಸಿದರು, ಕೆಲವು ಕಡೆ ಶಿಕ್ಷಕರು ನಡೆಸಿದರು. ಸಮಾಲೋಚಕರಿದ್ದ ಶಾಲೆಗಳಲ್ಲಿ ಖಿನ್ನತೆ, ಪೀಡನೆ, ಹಿಂಸೆ ಎಲ್ಲ ತಗ್ಗಿದವು, ಶಿಕ್ಷಕರೇ ನಡೆಸಿದ ಕಡೆ ಫಲ ಕಾಣಲಿಲ್ಲ. ಆ ಸಮಾಲೋಚಕರು ಮನೋವೈದ್ಯರಾಗಿರಲಿಲ್ಲ, ಆದರೆ ಅದೊಂದೇ ಕೆಲಸಕ್ಕೆಂದು ಶಾಲೆಯಲ್ಲಿದ್ದರು. ದೆಹಲಿಯ ಸರ್ಕಾರಿ ಶಾಲೆಗಳ ಪ್ರೈಡ್ ಪ್ರಯೋಗದಲ್ಲಿ ಇಂಥ ಸಮಾಲೋಚಕರು ಸಮಸ್ಯೆ ಬಿಡಿಸುವ ವಿಧಾನವನ್ನು ಕೆಲವೇ ಭೇಟಿಗಳಲ್ಲಿ ಕಲಿಸಿದಾಗ, ಮಕ್ಕಳು ತಾವೇ ಹೇಳಿಕೊಂಡ ಸಮಸ್ಯೆಗಳು ಹಗುರಾದವು. ರೋಗಲಕ್ಷಣಗಳ ಅಳತೆಯಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಎಂಟು ಪೀರಿಯಡ್ ಪಾಠ, ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ ಎಲ್ಲ ಹೊತ್ತ ಶಿಕ್ಷಕರ ಹೆಗಲಿಗೆ ಇದನ್ನೂ ಏರಿಸಬಾರದು ಎಂದು ನಾನು ಗಟ್ಟಿಯಾಗಿ ಹೇಳಬಲ್ಲೆ.

ಕಾಗದದ ಮೇಲೆ ದಾರಿ ತೆರೆದಿದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಸುಕ್‌ದೇವ್ ಸಾಹಾ ಪ್ರಕರಣದಲ್ಲಿ ಕೊಟ್ಟ ಮಾರ್ಗಸೂಚಿಯಂತೆ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹತೆಯುಳ್ಳ ಒಬ್ಬ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರಾದರೂ ಇರಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ನಂಟು ಇಟ್ಟುಕೊಳ್ಳಬೇಕು. ಮೂರು ತಾಲ್ಲೂಕುಗಳ ಹಲವು ಪ್ರೌಢಶಾಲೆ, ಪಿಯು ಕಾಲೇಜುಗಳು ಈ ಲೆಕ್ಕದೊಳಗೆ ಬರುತ್ತವೆ. ‘ಅರ್ಹತೆ’ ಎಂಬ ಮಾತನ್ನು ಇಲ್ಲಿ ಸಡಿಲ ಬಿಡಬಾರದು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹಾಕಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ‘ಲೈಫ್ ಕೋಚ್’, ‘ಮೈಂಡ್ ಹೀಲರ್’ ಎನ್ನಲು ಏನೂ ಬೇಕಿಲ್ಲ. ರೀಲಿನಲ್ಲಿ ಕಾಣುವವರಲ್ಲಿ ಎರಡನೆಯವರೇ ಹೆಚ್ಚು.

ಕರ್ನಾಟಕಕ್ಕೆ ಈ ಕೆಲಸ ಹೊಸದೇನಲ್ಲ. 1970ರ ದಶಕದಲ್ಲಿ ಮನೋವೈದ್ಯರಾದ ಆರ್.ಎಲ್. ಕಪೂರ್ ಮತ್ತು ಮೋರಿಸ್ ಕಾರ್ಸ್ಟೇರ್ಸ್ ಕರಾವಳಿಯ ಕೋಟದಲ್ಲಿ ಮನೆಮನೆ ತಿರುಗಿ, ಜನ ಸಂಕಟ ಬಂದಾಗ ವೈದ್ಯ, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿ ಎಲ್ಲರ ಬಳಿಗೂ ಹೋಗುವುದನ್ನು ದಾಖಲಿಸಿದರು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋವೈದ್ಯ ತರಬೇತಿ ಕೊಟ್ಟು ಮಾಡಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ಕಾರ್ಯಕ್ರಮದಡಿ ರಾಜ್ಯದಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ. ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಗದಗದಲ್ಲಿ ವೈದ್ಯಕೀಯ ಕಾಲೇಜಿದೆ, ಅದರಾಚೆ ಧಾರವಾಡದ ಡಿಮ್ಹಾನ್ಸ್ ಇದೆ. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದ ಅದು ಇಂದು ಹೊರರೋಗಿ ವಿಭಾಗ, ತರಬೇತಿ ಎಲ್ಲ ಇರುವ ಸಂಸ್ಥೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, ಸಂಖ್ಯೆ 14416, ಹಗಲು ರಾತ್ರಿ ಕನ್ನಡದಲ್ಲೂ ಪುಕ್ಕಟೆ ಮಾತಾಡುತ್ತದೆ.

ಆದರೆ ಫೋನ್ ಯಾರದು? ಅಸರ್ ಎಂಬ ಶಿಕ್ಷಣ ಸಮೀಕ್ಷೆಯ 2023ರ ವರದಿಯಲ್ಲಿ, ದೇಶದ ಗ್ರಾಮೀಣ ಭಾಗದಲ್ಲಿ ಸ್ಮಾರ್ಟ್‌ಫೋನ್ ಬಳಸಬಲ್ಲ 14–18 ವಯಸ್ಸಿನವರಲ್ಲಿ ಸ್ವಂತ ಫೋನ್ ಇದ್ದ ಹುಡುಗರು ಶೇ 43.7, ಹುಡುಗಿಯರು ಶೇ 19.8. ಹುಡುಗಿ ನೋಡುವುದು ಅಣ್ಣನ ಫೋನಿನಲ್ಲೋ ಅಪ್ಪನ ಫೋನಿನಲ್ಲೋ, ನೋಡಿದ್ದನ್ನು ಅಳಿಸಿ ಇಡುತ್ತಾಳೆ. ಸಹಾಯವಾಣಿಗೆ ಕರೆ ಮಾಡಿದರೆ ಕಾಲ್ ಲಿಸ್ಟಿನಲ್ಲಿ ಉಳಿಯುತ್ತದೆ, ಅತ್ತಲಿಂದ ಮರುಕರೆ ಬಂದರೆ ಎತ್ತುವವನು ಅಣ್ಣ. ಆದ್ದರಿಂದ ಕಾಲೇಜಿನಲ್ಲೇ ಒಂದು ಕೋಣೆ, ಒಂದು ಫೋನ್, ವಾರದಲ್ಲಿ ಗೊತ್ತಾದ ಒಂದು ತಾಸು ಇದ್ದರೆ ಅದು ದೊಡ್ಡ ಅನುಕೂಲ. ಆ ಕೋಣೆ ಪ್ರಾಂಶುಪಾಲರ ಕೊಠಡಿಯ ಎದುರಿಗೆ ಇರಬಾರದು. ಯಾರು ಹೋದರು, ಯಾರು ಬಂದರು ಎಂದು ಸ್ಟಾಫ್ ರೂಮಿನಲ್ಲಿ ಮಾತಾಗಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕು ಎಂದಿದೆ. ಆದರೆ ಹದಿನೆಂಟರ ಕೆಳಗಿನವರ ಪರವಾಗಿ ಪಾಲಕರೇ ಪ್ರತಿನಿಧಿ. ಹಾಗಾಗಿ ಯಾವ ವಿಷಯ ಮನೆಗೆ ಹೇಳಲೇಬೇಕಾಗುತ್ತದೆ, ಯಾವುದು ಈ ಕೋಣೆಯಲ್ಲೇ ಉಳಿಯುತ್ತದೆ ಎಂದು ಮೊದಲ ದಿನವೇ ಮಗುವಿಗೆ ಬಿಡಿಸಿ ಹೇಳಬೇಕು.

ಪಾಲಕರನ್ನು ದೂರ ಇಟ್ಟು ಈ ಕೆಲಸ ಆಗದು. ಮಗಳು ‘ನೀವು ಟಾಕ್ಸಿಕ್’ ಎಂದು ಅಂದದ್ದು ತಂದೆಗೆ ಎದೆಗೆ ಚುಚ್ಚಿರುತ್ತದೆ, ತಂದೆಯ ‘ನಾಟಕಾ ಮಾಡಬ್ಯಾಡ’ ಮಗಳಿಗೂ ಅಷ್ಟೇ ಚುಚ್ಚಿರುತ್ತದೆ. ಇಬ್ಬರನ್ನೂ ಕೂರಿಸಿ, ಆ ಹೆಸರುಗಳನ್ನು ಬದಿಗಿಟ್ಟು, ‘ಯಾವತ್ತು, ಏನಾತು, ಆಗ ನಿನಗ ಹೆಂಗಾತು’ ಎಂದು ನಡೆದ ಸಂಗತಿಯನ್ನೇ ಮಾತಾಡಿಸುವುದು ಸಮಾಲೋಚಕರ ನಿಜವಾದ ಕಸುಬು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಾತ್ರ ಇದು ಸಲ್ಲದು, ಆಗ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು.

ಕೊನೆಯದಾಗಿ, ಭಾಷೆಯ ವಿಷಯ. ಮನಸ್ಸಿನ ಬಗ್ಗೆ ಕನ್ನಡದಲ್ಲಿ ಒಳ್ಳೆಯದೇನೂ ಇಲ್ಲ ಎನ್ನುವ ಹಾಗಿಲ್ಲ. ‘ಕೊರವಂಜಿ’ ಪತ್ರಿಕೆಯ ಡಾ. ಎಂ. ಶಿವರಾಂ ಬರೆದ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳ ಕಾಲ ಸಾಮಾನ್ಯರಿಗೆ ತಿಳಿಯುವಂತೆ ಪುಸ್ತಕದ ಮೇಲೆ ಪುಸ್ತಕ ಬರೆದರು. ಆ ತಿಳಿವಳಿಕೆ ಹರೆಯದವರ ಕಣ್ಣಿರುವ ಜಾಗಕ್ಕೆ, ಅಂದರೆ ಒಂದು ನಿಮಿಷದ ವಿಡಿಯೊಗೆ, ಅವರ ಮಾತಿನಲ್ಲೇ ಬರಬೇಕಾಗಿದೆ. ‘ಖಿನ್ನತೆ’ ಎಂದರೆ ಅರ್ಥವಾಗದ ಅಮ್ಮನಿಗೂ ‘ಯಾವುದರ ಮ್ಯಾಲೂ ಮನಸಿಲ್ಲ, ಉಣ್ಣಾಕ ಬ್ಯಾಡಾಗೈತಿ, ಎರಡು ವಾರಾತು’ ಎಂದರೆ ಅರ್ಥವಾಗುತ್ತದೆ. ಇದನ್ನು ಬೆಂಗಳೂರಿನಲ್ಲಿ ಮಾಡಿ ಕಳುಹಿಸಬೇಕೆಂದೇನೂ ಇಲ್ಲ. ರೋಣ, ನರಗುಂದ, ಗಜೇಂದ್ರಗಡದ ಕಾಲೇಜುಗಳ ಎನ್‌ಎಸ್‌ಎಸ್ ಮಕ್ಕಳೇ ತಮ್ಮ ಶಿಬಿರದಲ್ಲಿ ಇಂಥ ವಿಡಿಯೊ ತೆಗೆಯಬಹುದು. ಗದಗದ ಅಥವಾ ಧಾರವಾಡದ ಒಬ್ಬ ಮನೋವೈದ್ಯರು ಅದನ್ನು ಮೊದಲು ನೋಡಿ, ತಪ್ಪಿದ್ದರೆ ತಿದ್ದಿ ಕೊಡಬೇಕು. ಪ್ರತಿ ವಿಡಿಯೊದ ಕೊನೆಗೆ 14416ರ ಜೊತೆಗೆ, ಆ ತಾಲ್ಲೂಕಿನ ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರ ಯಾವುದು, ಯಾವ ಕೋಣೆ ಎಂಬುದನ್ನೂ ಬರೆದಿರಬೇಕು.